ಕೈ ಕೂಡಿತು, ಕಾಯಿಲೆ ಉಳಿಯಿತು

ಕೇಳುಗರಿಗೆ ನಮಸ್ಕಾರ.

ನಮ್ಮ ಅಮ್ಮ 68ನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿದರು. ಕೈ ಊರಿದರು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಸಿದೆವು, ಕೈ ಕೂಡಿಕೊಂಡಿತು. ನಿಂತಲ್ಲೇ ಬಿದ್ದ ಮಾತ್ರಕ್ಕೆ ಮೂಳೆ ಯಾಕೆ ಮುರಿಯಿತು ಎಂದು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಸಾರಿನ ಪುಡಿಯ ಡಬ್ಬಿ ಅಮ್ಮನ ಕೈಗೆ ಎಟುಕದಾಯಿತು. ಬೆನ್ನುಮೂಳೆಯ ಎರಡು ಮಣಿಗಳು ಸದ್ದಿಲ್ಲದೆ ಕುಸಿದಿದ್ದವು.

ಈ ಕಾಯಿಲೆಯ ಹೆಸರು ಆಸ್ಟಿಯೊಪೊರೋಸಿಸ್. ಮಂಡಿನೋವಿಗೂ ‘ಮೂಳೆ ಸವೆದಿದೆ’ ಎನ್ನುತ್ತೇವೆ, ಇದಕ್ಕೂ ಅದೇ ಮಾತು. ಗೊಂದಲ ಅಲ್ಲಿಂದಲೇ ಶುರು. ಮಂಡಿ ಸವೆದರೆ ನೋಯುತ್ತದೆ. ಇಲ್ಲಿ ಗೆದ್ದಲು ಹಿಡಿದ ತೊಲೆಯಂತೆ ಮೂಳೆ ಒಳಗೇ ಟೊಳ್ಳಾಗುತ್ತದೆ. ಮುರಿಯುವ ತನಕ ನೋವಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಬೇಗ ಹೆಚ್ಚುತ್ತದೆ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ ಗಂಡಸರನ್ನೂ ಬಿಡುವುದಿಲ್ಲ.

ಪತ್ತೆಹಚ್ಚಲು ಡೆಕ್ಸಾ ಸ್ಕ್ಯಾನ್ ಇದೆ. ಸುಮ್ಮನೆ ಮಲಗಿದರಾಯಿತು, ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆ ಗೊತ್ತಾಗುತ್ತದೆ. ವರದಿಯಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಆದರೆ ಹಿರಿಯರಿಗೆ ಸಣ್ಣ ಬೀಳಿಗೇ ಸೊಂಟದ ಮೂಳೆ ಮುರಿದಿದ್ದರೆ ಅಂಕಿಗಾಗಿ ಕಾಯಬೇಕಿಲ್ಲ; ಆ ಮುರಿತವೇ ರೋಗದ ಸಾಕ್ಷಿ. ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಮೂತ್ರಪಿಂಡದ ರಕ್ತಪರೀಕ್ಷೆಗಳನ್ನೂ ಮಾಡಿಸುತ್ತಾರೆ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಬಿಡಬೇಡಿ. ಆದರೆ ಮೂಳೆ ಇಷ್ಟು ಟೊಳ್ಳಾದ ಮೇಲೆ ಆಹಾರವೊಂದೇ ಸಾಲದು, ಔಷಧ ಬೇಕು. ಅಮ್ಮನಿಗೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಮುಟ್ಟಬಾರದು. ಎದ್ದ ಕೂಡಲೇ ಕಾಫಿ ಕುಡಿದು ಐವತ್ತು ವರ್ಷ ಕಳೆದವರಿಗೆ ಅದೇ ದೊಡ್ಡ ವ್ರತ! ಕಾಫಿಯೊಡನೆ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ. ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಹಾಗಾಗಿ ಭಾನುವಾರ ಬೆಳಗ್ಗೆ ನಾನೂ ಕಾಫಿ ಬಿಟ್ಟು ಅಮ್ಮನ ಜೊತೆ ಅಂಗಳದಲ್ಲಿ ಓಡಾಡುತ್ತೇನೆ.

ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೋಲೆಡ್ರಾನಿಕ್ ಆಮ್ಲವಿದೆ, ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಇದೆ. ಡೆನೊಸುಮ್ಯಾಬ್ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ದಿನಾಂಕ ತಪ್ಪಿಸಬೇಡಿ, ವೈದ್ಯರನ್ನು ಕೇಳದೆ ನಿಲ್ಲಿಸಲೂಬೇಡಿ. ಹಾಗೆ ನಿಲ್ಲಿಸಿದವರಲ್ಲಿ ಬೆನ್ನಿನ ಮಣಿಗಳು ಒಂದರ ಹಿಂದೊಂದು ಮುರಿದದ್ದುಂಟು. ಈ ಮೂರೂ ಔಷಧಗಳು ಅಪರೂಪಕ್ಕೆ ದವಡೆಯ ಮೂಳೆಗೆ ತೊಂದರೆ ಕೊಡಬಹುದು, ಹಾಗಾಗಿ ಇವುಗಳಲ್ಲಿ ಯಾವುದನ್ನಾದರೂ ಶುರುಮಾಡುವ ಮೊದಲು ಹಲ್ಲನ್ನೊಮ್ಮೆ ತೋರಿಸಿಕೊಳ್ಳಿ.

ಇನ್ನು ಬೀಳದಂತೆ ನೋಡಿಕೊಳ್ಳಬೇಕು. ನಮ್ಮ ಬಚ್ಚಲ ಗೋಡೆಗೆ ಹಿಡಿಕೆ ಬಂದಿದೆ, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿ ಸಣ್ಣ ದೀಪ ಉರಿಯುತ್ತದೆ. ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಮುಗಿಯಿತು. ಸಾರಿನ ಪುಡಿಯ ಡಬ್ಬಿ ಕೆಳಗಿನ ಹಲಗೆಗೆ ಇಳಿದಿದೆ, ಸ್ಟೂಲ್ ಹತ್ತುವ ಮಾತೇ ಇಲ್ಲ.

ನಮಸ್ಕಾರ.