ಎಲೆ, ಅಂಗೈ, ಭೂಮಿ: ಇಷ್ಟು ಬಿಟ್ಟು ಬೇರೇನಿದೆ?

ನಮಸ್ಕಾರ. ಪರಿಸರಕ್ಕಾಗಿ ದುಡಿಯುವ ಸಂಸ್ಥೆಯೊಂದು ಹೊಸ ಲೋಗೋ ಮಾಡಿಸಲು ಹೊರಟಿದೆ ಅಂದುಕೊಳ್ಳಿ. ಕೊನೆಗೆ ಏನು ಬರುತ್ತದೆ ಅಂತ ನೀವೇ ಹೇಳಬಲ್ಲಿರಿ. ಒಂದು ಹಸಿರು ಎಲೆ. ಅದರ ಕೆಳಗೆ ಎರಡು ಅಂಗೈ. ಹಿಂದೆ ದುಂಡಗೆ ಭೂಮಿ. ಇನ್ನೂ ಜಾಗ ಉಳಿದಿದ್ದರೆ ಒಂದು ನೀರಿನ ಹನಿ. ನೋಡಲು ಚೆನ್ನಾಗಿಯೇ ಇರುತ್ತದೆ, ತಕರಾರಿಲ್ಲ. ಆದರೆ ಹೆಸರು ಮುಚ್ಚಿ ನೋಡಿ, ಅದು ಸೋಪಿನ ಕಂಪನಿಯದೋ ಗೊಬ್ಬರದ್ದೋ ವಿಮೆಯದ್ದೋ ಗೊತ್ತೇ ಆಗಲ್ಲ!

ಇದಕ್ಕೆ ಡಿಸೈನರ್‌ನನ್ನು ಬೈಯಬೇಡಿ. ನಾವು ಏನು ಮಾಡುತ್ತೇವೆ ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ. ಪೆನ್ಸಿಲ್ ಹಿಡಿಯುವ ಮುಂಚೆ ಒಂದು ಕೆಲಸ ಮಾಡಿ. ಸಮಿತಿಯವರನ್ನು, ಹಣ ಕೊಡುವವರನ್ನು, ಸ್ವಯಂಸೇವಕರನ್ನು ಬೇರೆಬೇರೆಯಾಗಿ ಕೂರಿಸಿ, ಈ ಸಂಸ್ಥೆ ಏನು ಮಾಡುತ್ತೆ ಅಂತ ಕೇಳಿ. ಅವರ ಮಾತನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ಸಮಿತಿಯವರು "ಪರಿಸರ ಜಾಗೃತಿ ಮೂಡಿಸುತ್ತೇವೆ" ಅನ್ನುತ್ತಾರೆ. ಸ್ವಯಂಸೇವಕಿ ಒಬ್ಬಳು "ಹೊಳೆದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತೀವಿ, ಮೊಣಕಾಲುದ್ದ ಕೆಸರು ಇರುತ್ತೆ" ಅನ್ನುತ್ತಾಳೆ. ಎರಡನೆಯ ಮಾತಿನಲ್ಲಿ ಹೊಳೆ ಇದೆ, ಕೆಸರಿದೆ, ಕೆಲಸ ಇದೆ. ನಿಮ್ಮ ಹೊಸ ಗುರುತು ಹುಟ್ಟಬೇಕಾದದ್ದು ಅಲ್ಲಿಂದ. ಇಡೀ ಭೂಮಿಯನ್ನು ಉಳಿಸುತ್ತೇವೆ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಒಂದು ಹೊಳೆಯನ್ನು ನೋಡಿಕೊಳ್ಳುತ್ತೇವೆ ಅನ್ನುವವರು ಕಡಿಮೆ.

ಕಾಡುಪ್ರಾಣಿಗಳನ್ನು ಉಳಿಸಲು ದುಡಿಯುವ ಡಬ್ಲ್ಯುಡಬ್ಲ್ಯುಎಫ್‌ ಸಂಸ್ಥೆಯ ಪಾಂಡಾ ಎಲ್ಲರಿಗೂ ಗೊತ್ತಲ್ವಾ? 1961ರಲ್ಲಿ ಸಂಸ್ಥೆ ಶುರುವಾದಾಗ ಲಂಡನ್ ಮೃಗಾಲಯದಲ್ಲಿ ಚಿ-ಚಿ ಅನ್ನುವ ಪಾಂಡಾ ಇತ್ತು, ಜನ ಮುಗಿಬಿದ್ದು ನೋಡುತ್ತಿದ್ದರು. ಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಸ್ಕಾಟ್ ಆ ಪ್ರಾಣಿಯನ್ನೇ ಲೋಗೋ ಆಗಿ ಬರೆದರು. ಪಾಂಡಾ ಮುದ್ದಾಗಿತ್ತು, ಅಳಿವಿನ ಅಂಚಿನಲ್ಲಿತ್ತು, ಜೊತೆಗೆ ಮೈಬಣ್ಣ ಕಪ್ಪು-ಬಿಳುಪು. ಹಾಗಾಗಿ ಅಚ್ಚು ಹಾಕಿಸುವ ಖರ್ಚೂ ಉಳಿಯಿತು. ಈ ಕೊನೆಯ ಕಾರಣ ನನಗೆ ಬಹಳ ಇಷ್ಟ. 1986ರಲ್ಲಿ ಸಂಸ್ಥೆ ತನ್ನ ಪೂರ್ತಿ ಹೆಸರನ್ನೇ ಬದಲಿಸಿತು, ಆದರೆ ಆ ಮೂರು ಅಕ್ಷರ ಮತ್ತು ಪಾಂಡಾವನ್ನು ಬಿಡಲಿಲ್ಲ. ಅದೇ ಮೂರು ಅಕ್ಷರ ಇಟ್ಟುಕೊಂಡಿದ್ದ ಕುಸ್ತಿ ಕಂಪನಿ ಕೋರ್ಟಿನಲ್ಲಿ ಸೋತು, 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು. ಹೊಸ ಗುರುತು ಮಾಡುವಾಗ ಏನು ಬದಲಿಸಬೇಕು ಅನ್ನುವ ಪಟ್ಟಿಗಿಂತ ಏನನ್ನು ಮುಟ್ಟಬಾರದು ಅನ್ನುವ ಪಟ್ಟಿ ಮೊದಲು ಬೇಕು. ಜನ ಈಗಾಗಲೇ ನಿಮ್ಮನ್ನು ಯಾವುದರಿಂದ ಗುರುತಿಸುತ್ತಾರೋ ಅದನ್ನು ಸುಮ್ನೆ ಹಳೆಯದಾಯ್ತು ಅಂತ ಎಸೆಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಹೆಸರಿನ ವಿಷಯಕ್ಕೆ ಬರೋಣ. ನಾನೀಗ ರೇಡಿಯೋದಲ್ಲಿದ್ದೇನೆ, ಲೋಗೋ ತೋರಿಸಲು ಆಗಲ್ಲ. ನಿಮ್ಮ ಹೆಸರನ್ನು ಒಮ್ಮೆ ಕಿವಿಯಲ್ಲಿ ಕೇಳಿದವರು ಆಮೇಲೆ ಫೋನಿನಲ್ಲಿ ಅದನ್ನು ಟೈಪ್ ಮಾಡಿ ಹುಡುಕಬಲ್ಲರಾ? ಆಗದಿದ್ದರೆ ಚಿತ್ರ ಎಷ್ಟೇ ಚೆಂದ ಇದ್ದರೂ ಆ ಕೇಳುಗ ಕೈಬಿಟ್ಟುಹೋದ ಹಾಗೇ. ಗ್ರೀನ್‌ಪೀಸ್ ಅನ್ನುವ ಪರಿಸರ ಸಂಸ್ಥೆಯ ಹೆಸರು ಮೊದಲು ಎರಡು ಬಿಡಿ ಪದಗಳಾಗಿತ್ತು. ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಯಲ್ಲಿ ಜಾಗ ಸಾಲದೆ ಎರಡೂ ಸೇರಿಕೊಂಡವಂತೆ, ಸಂಸ್ಥೆಯವರೇ ಹೇಳುವ ಕಥೆ ಇದು.

ಇನ್ನು ಹಸಿರು ಬಣ್ಣ. ಬೇಡ ಅನ್ನುತ್ತಿಲ್ಲ. ಆದರೆ ಬಿಳಿ ಮೇಲೆ ತಿಳಿ ಹಸಿರಿನಲ್ಲಿ ಬರೆದರೆ ಬಿಸಿಲಲ್ಲಿ ಫೋನ್ ಹಿಡಿದವರಿಗೆ ಏನೂ ಕಾಣಲ್ಲ. ವೆಬ್‌ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು, ಅಳೆದು ನೋಡುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಕೆಂಪು-ಹಸಿರು ಗೊಂದಲವಾಗುವ ಜನರೂ ಇದ್ದಾರೆ, ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇಕಡ 8ರಷ್ಟು. ಹಾಗಾಗಿ ಬಣ್ಣವನ್ನೇ ನಂಬಬೇಡಿ, ಲೋಗೋವನ್ನು ರಬ್ಬರ್ ಸ್ಟಾಂಪ್ ಮಾಡಿಸಿ ಬಟ್ಟೆ ಚೀಲದ ಮೇಲೆ ಒತ್ತಿ ನೋಡಿ. ಮಸಿ ಹರಡಿದ ಮೇಲೂ ಗುರುತು ಸಿಕ್ಕರೆ ಆ ಚಿತ್ರ ಗಟ್ಟಿ. ಎಲೆಯ ನರಗಳೆಲ್ಲ ಕಲಸಿಹೋಗಿ ಒಂದು ಕಪ್ಪು ಚುಕ್ಕೆ ಉಳಿದರೆ ವಾಪಸ್ ಕಳಿಸಿ.

ಚಿತ್ರ ಸುಳ್ಳನ್ನೂ ಹೇಳಬಲ್ಲದು, ಎಚ್ಚರ. ಮೂರು ಬಾಣ ಸುತ್ತುವ ಮರುಬಳಕೆ ಚಿಹ್ನೆ 1970ರಲ್ಲಿ ಗ್ಯಾರಿ ಆಂಡರ್ಸನ್ ಅನ್ನುವ ವಿದ್ಯಾರ್ಥಿ ಸ್ಪರ್ಧೆಯೊಂದಕ್ಕೆ ಬರೆದದ್ದು. 1988ರಲ್ಲಿ ಪ್ಲಾಸ್ಟಿಕ್ ಉದ್ಯಮ ಅದೇ ತರಹದ ಬಾಣಗಳ ನಡುವೆ ಅಂಕಿ ಹಾಕಿ ಡಬ್ಬಿಗಳ ತಳಕ್ಕೆ ಒತ್ತಿತು. ಆ ಅಂಕಿ ಹೇಳುವುದು ಅದು ಯಾವ ಬಗೆಯ ಪ್ಲಾಸ್ಟಿಕ್ ಅಂತ ಮಾತ್ರ. ಜನ ಬಾಣ ನೋಡಿದರು, ಇದೆಲ್ಲ ಮರುಬಳಕೆ ಆಗುತ್ತೆ ಅಂತ ನಂಬಿದರು. ಹಾಗಾಗಿ ನೀವು ಗಿಡ ನೆಡದಿದ್ದರೆ ಲೋಗೋದಲ್ಲಿ ಗಿಡ ಹಾಕಬೇಡಿ.

ಕೊನೆಯದು, ಹೆಚ್ಚಿನವರು ಮರೆಯುವುದು: ಹಳೆಯ ಸಾಮಾನು. ಹೊಸ ಲೋಗೋ ಬಂದ ದಿನವೇ ಹಳೆಯ ಟೀ-ಶರ್ಟು, ಬ್ಯಾನರ್, ಕರಪತ್ರ ಎಲ್ಲ ಕಸಕ್ಕೆ ಹಾಕಿ ಹೊಸದಾಗಿ ಮುದ್ರಿಸುವ ಪರಿಸರ ಸಂಸ್ಥೆಗೆ ನಾನಾದರೆ ಹಣ ಕೊಡಲ್ಲ. ವೆಬ್‌ಸೈಟು, ಸಾಮಾಜಿಕ ಜಾಲತಾಣದ ಖಾತೆಗಳನ್ನು ಮೊದಲು ಬದಲಿಸಿ. ಕಾಗದ, ಬಟ್ಟೆ ಖಾಲಿಯಾದ ಹಾಗೆ ಹೊಸದು ಬರಲಿ. ಒಂದಷ್ಟು ತಿಂಗಳು ಎರಡೂ ಲೋಗೋ ಒಟ್ಟಿಗೆ ಓಡಾಡುತ್ತವೆ. ಯಾರಾದರೂ ಯಾಕೆ ಹೀಗೆ ಅಂತ ಕೇಳಿದರೆ ಹಳೇ ಟೀ-ಶರ್ಟು ಇನ್ನೂ ಹರಿದಿಲ್ಲ ಅಂತ ಹೇಳಿ. ನಮಸ್ಕಾರ.