ಮೈಲುತುತ್ತದ ಐದನೆಯ ನೀರು: ಋಣ ಅಯಾನನ್ನು ಬೆಳಕಿನಿಂದ ಗುರುತಿಸುವ ಅಣುಪಂಜರಗಳು

[ದೃಶ್ಯ: ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗುತ್ತಿದೆ.]

ನಮಸ್ಕಾರ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ ಮಲೆನಾಡಿನ ಬೆಳೆಗಾರರಿಗೆ ಬಾಯಿಪಾಠ. ಆದರೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಆ ನೀಲಿ ಹರಳಿನೊಳಗೆ ಒಂದು ಸೊಗಸಾದ ಏರ್ಪಾಡಿದೆ. ಅಲ್ಲಿ ಪ್ರತಿ ತಾಮ್ರದ ಅಯಾನಿಗೆ ಐದು ನೀರಿನ ಅಣುಗಳ ಲೆಕ್ಕವಿದ್ದು, ನಾಲ್ಕು ನೇರವಾಗಿ ತಾಮ್ರವನ್ನು ಹಿಡಿದಿದ್ದರೆ, ಐದನೆಯದು ತಾಮ್ರವನ್ನು ಮುಟ್ಟದೆ, ಹೈಡ್ರೋಜನ್ ಬಂಧಗಳ (ಹೈಡ್ರೋಜನ್ ಋಣ ಭಾಗದತ್ತ ವಾಲಿ ಉಂಟಾಗುವ ಸಡಿಲ ಹಿಡಿತ) ಮೂಲಕ ಸಲ್ಫೇಟಿಗೆ ಅಂಟಿಕೊಂಡಿರುತ್ತದೆ. ಸಲ್ಫೇಟ್ ಒಂದು ಋಣ ಅಯಾನು, ಅಂದರೆ ಋಣ ವಿದ್ಯುದಂಶ ಹೊತ್ತ ಕಣ. ಅಂಥದ್ದನ್ನು ಹಿಡಿಯುವ ಉಪಾಯವನ್ನು ಈ ಐದನೆಯ ನೀರೇ ತೋರಿಸಿಕೊಡುತ್ತದೆ.

[ದೃಶ್ಯ: ಕತ್ತಲ ಕೋಣೆ. ಟಾನಿಕ್ ವಾಟರ್ ತುಂಬಿದ ಲೋಟ, ಅತಿನೇರಳೆ ಟಾರ್ಚ್.]

ಟಾನಿಕ್ ವಾಟರಿನಲ್ಲಿರುವ ಕ್ವಿನೈನ್ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ, ಇದು ಪ್ರತಿದೀಪ್ತಿ. ಇದಕ್ಕೆ ಅಡುಗೆ ಉಪ್ಪು ಬೆರೆಸಿದರೆ ಹೊಳಪು ಕುಂದುತ್ತದೆ, ಏಕೆಂದರೆ ಕ್ಲೋರೈಡ್ ಅಯಾನು ಡಿಕ್ಕಿ ಹೊಡೆದಾಗ ಕ್ವಿನೈನ್ ಪಡೆದ ಶಕ್ತಿ ಬೆಳಕಾಗದೆ ಕಳೆದುಹೋಗುತ್ತದೆ. ಋಣ ಅಯಾನಿನ ಸುಳಿವು ಸಿಕ್ಕಿತು ನಿಜ; ಆದರೆ ಬ್ರೋಮೈಡ್, ಅಯೋಡೈಡ್ ಹಾಕಿದರೂ ಹೀಗೆಯೇ ಆಗುವುದರಿಂದ, ಬಂದದ್ದು ಯಾವುದೆಂದು ತಿಳಿಯದು.

ಅದು ತಿಳಿಯಬೇಕಾದರೆ ಆಕಾರಕ್ಕೆ ತಕ್ಕ ಗೂಡು ಬೇಕು. ಕ್ಲೋರೈಡ್ ಗುಂಡಗಿದೆ, ನೈಟ್ರೇಟ್ ಚಪ್ಪಟೆ ತ್ರಿಕೋನ, ಸಲ್ಫೇಟ್ ಮತ್ತು ಫಾಸ್ಫೇಟ್ ಚತುರ್ಮುಖಿಗಳು. ಇಂಥ ಗೂಡುಗಳನ್ನು ಒಂದೊಂದೇ ಬಂಧ ಬೆಸೆದು ಕಟ್ಟುವುದು ದೀರ್ಘವಾದ ಕೆಲಸ. 1990ರಲ್ಲಿ ಜಪಾನಿನ ಮಕೊಟೊ ಫುಜಿತಾ ಮತ್ತು ಸಂಗಡಿಗರು ಬೇರೆ ದಾರಿ ತೋರಿಸಿದರು: ಲಂಬಕೋನದ ಪಲ್ಲಾಡಿಯಂ ಮೂಲೆಗಳನ್ನೂ ಬೈಪಿರಿಡಿನ್ ಎಂಬ ನೇರ ಸಾವಯವ ಕಡ್ಡಿಗಳನ್ನೂ ಬೆರೆಸಿದಾಗ, ಅವು ನಾಲ್ಕು ನಾಲ್ಕಾಗಿ ಕೂಡಿ ತಾವೇ ಚೌಕಗಳಾದವು. ಲೋಹಕ್ಕೂ ಸಾರಜನಕಕ್ಕೂ ನಡುವಿನ ಬಂಧ ಬಿಟ್ಟು ಮತ್ತೆ ಕೂಡಬಲ್ಲದ್ದಾದ್ದರಿಂದ, ತಪ್ಪಾಗಿ ಸೇರಿದ ತುಂಡುಗಳು ಕಳಚಿಕೊಂಡು, ಅತ್ಯಂತ ಸ್ಥಿರವಾದ ರಚನೆ ದೊರೆಯುವವರೆಗೆ ಜೋಡಣೆ ನಡೆಯುತ್ತಲೇ ಇರುತ್ತದೆ. ಇದೇ ಸ್ವಯಂಜೋಡಣೆ; ಹೀಗೆ ಮೂಡುವ, ನಡುವೆ ಪೊಳ್ಳಿರುವ ರಚನೆಗಳನ್ನೇ ಇಲ್ಲಿ ಅಣುಪಂಜರ ಎನ್ನುತ್ತಿದ್ದೇನೆ.

[ದೃಶ್ಯ: ಚೌಕದ ಅನಿಮೇಷನ್.]

ಆ ಚೌಕದ ವಿದ್ಯುದಂಶ ಧನ 8. ಋಣ ಅಯಾನುಗಳನ್ನು ಅದು ಸಹಜವಾಗಿಯೇ ಸೆಳೆಯುತ್ತದೆ. ಕಡ್ಡಿಗಳಿಗೆ ಅಮೈಡ್ ಅಥವಾ ಯೂರಿಯಾ ಗುಂಪುಗಳನ್ನು ಸೇರಿಸಿದರೆ (ಗೊಬ್ಬರದ ಯೂರಿಯಾದಲ್ಲಿರುವ ವಿನ್ಯಾಸವೇ ಇದು), ಅವುಗಳಲ್ಲಿ ಸಾರಜನಕಕ್ಕೆ ಅಂಟಿದ ಹೈಡ್ರೋಜನ್‌ಗಳು ಮೈಲುತುತ್ತದ ಐದನೆಯ ನೀರಿನಂತೆಯೇ ಅಯಾನನ್ನು ಹಿಡಿಯುತ್ತವೆ. ಆಂತ್ರಸೀನ್‌ನಂತಹ ಹೊಳೆಯುವ ಭಾಗವೂ ಜೊತೆಗಿದ್ದರೆ, ಅಯಾನು ಬಂದು ಕುಳಿತಾಗ ಹೊಳಪು ಏರಬಹುದು, ಇಳಿಯಬಹುದು ಅಥವಾ ಬಣ್ಣ ಬದಲಾಗಬಹುದು.

ಇಳಿಯುವ ಹೊಳಪನ್ನು ನಾನು ಅಷ್ಟು ಸುಲಭವಾಗಿ ನಂಬುವವನಲ್ಲ. ದ್ರಾವಣದಲ್ಲಿ ಕರಗಿದ ಆಮ್ಲಜನಕವೂ ಹೊಳಪನ್ನು ತಗ್ಗಿಸುತ್ತದೆ. ಪಲ್ಲಾಡಿಯಂನಂತಹ ಭಾರ ಲೋಹವಂತೂ ಮೊದಲೇ ತಗ್ಗಿಸಿರುತ್ತದೆ. ಏರುವ ಹೊಳಪಿನಲ್ಲೂ ಮೋಸವಿದೆ: ಸಯನೈಡ್‌ನಂತಹ ಅಯಾನು ಲೋಹವನ್ನೇ ಕಿತ್ತುಕೊಂಡು ಪಂಜರವನ್ನು ಒಡೆದರೆ, ಬಿಡುಗಡೆಯಾದ ಕಡ್ಡಿ ಹೊಳೆಯತೊಡಗುತ್ತದೆ. ಅದು ಉಪಯುಕ್ತ ಪರೀಕ್ಷೆಯಾಗಬಹುದು, ಆದರೆ ಗೂಡು ಆಕಾರವನ್ನು ಗುರುತಿಸಿತೆಂದು ಹೇಳುವಂತಿಲ್ಲ.

[ದೃಶ್ಯ: ಮತ್ತೆ ತೋಟ, ತುಂಬಿ ಹರಿಯುವ ಬಸಿಗಾಲುವೆ.]

ಎಲ್ಲಕ್ಕಿಂತ ದೊಡ್ಡ ತೊಡಕು ನೀರಿನದೇ. ಸಲ್ಫೇಟನ್ನು ನೀರಿನ ಅಣುಗಳು ತಮ್ಮ ಹೈಡ್ರೋಜನ್ ಬಂಧಗಳಿಂದ ಮೊದಲೇ ಸುತ್ತುವರಿದಿರುತ್ತವೆ. ಆದ್ದರಿಂದ ಅಸಿಟೋನೈಟ್ರೈಲ್ ಎಂಬ ಸಾವಯವ ದ್ರಾವಕದಲ್ಲಿ ಅಚ್ಚುಕಟ್ಟಾಗಿ ಉತ್ತರಿಸುವ ಪಂಜರವು ಈ ಕಾಲುವೆಯ ನೀರಿನಲ್ಲಿ ಮೂಕವಾಗಬಹುದು. ಇಲ್ಲಿ ಅದು ಕೆಲಸ ಮಾಡಬೇಕಾದರೆ, ಸಲ್ಫೇಟನ್ನು ಇಷ್ಟೊಂದು ನೀರಿನ ಹಿಡಿತದಿಂದ ಬಿಡಿಸಿಕೊಳ್ಳುವಷ್ಟು ಬಿಗಿಯಾದ ಗೂಡು ಅದಕ್ಕಿರಬೇಕು.