ಇ-ಮೇಲ್ ಮೂಲಕ ನಕಲು ಜಾರಿ: ವಕೀಲರು ಮೊದಲೇ ನಿಶ್ಚಯಿಸಿಕೊಳ್ಳಬೇಕಾದದ್ದು

ಹಿರಿಯ ನ್ಯಾಯವಾದಿಗಳೆ, ಕಿರಿಯ ವಕೀಲ ಮಿತ್ರರೆ,

ಕಲಬುರಗಿಯಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ನಮ್ಮ ಭಾಗದ ಕಕ್ಷಿದಾರರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ಆದರೆ ಒಬ್ಬ ವಕೀಲರ ಕಚೇರಿ ಬೀದರಿನಲ್ಲಿ, ಎದುರು ವಕೀಲರ ಕಚೇರಿ ಯಾದಗಿರಿಯಲ್ಲಿ ಇದ್ದಾಗ, ಒಂದು ಮಧ್ಯಂತರ ಅರ್ಜಿಯ ನಕಲು ಕೊಡುವುದಕ್ಕಾಗಿ ಗುಮಾಸ್ತರನ್ನು ಬಸ್ಸಿನಲ್ಲಿ ಕಳಿಸುವ ಅಥವಾ ಮುಂದಿನ ಪೇಶಿಯ ತನಕ ಕಾಯುವ ರೂಢಿ ಇನ್ನೂ ಉಳಿದಿದೆ. ಇನ್ನೊಂದೆಡೆ, ಕಾಗದದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿ, ಜಾರಿಯಾಯಿತೆಂದು, ಅಂದರೆ ಎದುರು ಪಕ್ಷಕ್ಕೆ ವಿಧಿವತ್ತಾಗಿ ತಲುಪಿತೆಂದು, ನ್ಯಾಯಾಲಯಕ್ಕೆ ಮೆಮೊ ಸಲ್ಲಿಸುವ ಅವಸರವೂ ಬೆಳೆಯುತ್ತಿದೆ. ವಿದ್ಯುನ್ಮಾನ ಜಾರಿಗೆ ಬೇಕಾದ ಕಾನೂನಿನ ಬಲ ಈಗಾಗಲೇ ಬಹುಮಟ್ಟಿಗೆ ಇದೆ. ಯಾವ ವಿಳಾಸಕ್ಕೆ ಕಳಿಸಿದರೆ ತಲುಪಿದಂತೆ ಎಂಬುದನ್ನು ನಾವು ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳದಿರುವುದೇ ತೊಡಕು ಎಂಬುದು ನನ್ನ ದೃಢ ಅಭಿಪ್ರಾಯ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 9ನೇ ನಿಯಮಕ್ಕೆ 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಸಮನ್ಸ್ ಕಳಿಸುವ ಮಾರ್ಗಗಳಲ್ಲಿ ಫ್ಯಾಕ್ಸ್ ಮತ್ತು ಇ-ಮೇಲನ್ನು ಸೇರಿಸಿತು. ಪ್ರತಿವಾದಿಯ ಪರವಾಗಿ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ದಾಖಲಾದ ನಂತರದ ವ್ಯವಹಾರಕ್ಕೆ 3ನೇ ಆದೇಶದ 5ನೇ ನಿಯಮ ಅನ್ವಯಿಸುತ್ತದೆ; ಅದರಂತೆ ವಕೀಲರಿಗೆ ಆದ ಜಾರಿಯು ಕಕ್ಷಿದಾರನಿಗೆ ತಿಳಿದಂತೆಯೇ ಎಂದು ಭಾವಿಸಲಾಗುತ್ತದೆ. ನಮ್ಮ ಇನ್‌ಬಾಕ್ಸಿನಲ್ಲಿ ತೆರೆಯದೆ ಬಿದ್ದಿರುವ ಒಂದು ಕಡತದ ಹೊಣೆ, ಚಿತ್ತಾಪುರದ ತೊಗರಿ ಹೊಲದಲ್ಲಿ ದುಡಿಯುತ್ತಿರುವ ರೈತನ ಮೇಲೆ ಬೀಳುತ್ತದೆ ಎಂಬುದನ್ನು ನಾವು ಮರೆಯಬಾರದು.

ತಲುಪಿದ ಸಮಯ ಯಾವುದು ಎಂಬ ಪ್ರಶ್ನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೇ ಕಲಮು ಉತ್ತರ ಕೊಡುತ್ತದೆ. ಸ್ವೀಕರಿಸುವವರು ಇಂಥದೇ ವಿಳಾಸವೆಂದು ಗೊತ್ತುಪಡಿಸಿದ್ದರೆ, ದಾಖಲೆ ಆ ವಿಳಾಸವನ್ನು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ಅವರು ಓದಿದರೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ಗೊತ್ತುಪಡಿಸಿದ ವಿಳಾಸವನ್ನು ಬಿಟ್ಟು ಅವರದೇ ಬೇರೊಂದು ವಿಳಾಸಕ್ಕೆ ಕಳಿಸಿದರೆ, ಅವರು ಅದನ್ನು ತೆಗೆದುಕೊಂಡಾಗಲೇ ತಲುಪಿದಂತೆ. ತಮ್ಮೊಳಗೆ ಬೇರೆ ರೀತಿ ಒಪ್ಪಿಕೊಳ್ಳುವ ಸ್ವಾತಂತ್ರ್ಯವೂ ಇದೆ. ಆದ್ದರಿಂದ ಜಾರಿಯ ಇ-ಮೇಲ್ ವಿಳಾಸವನ್ನು ವಕಾಲತ್ತಿನಲ್ಲೇ ಬರೆದು, ಅದು ಬದಲಾದರೆ ಮೆಮೊ ಹಾಕಿ ತಿಳಿಸುವುದು ಒಳ್ಳೆಯದು. ವಾಣಿಜ್ಯ ವ್ಯಾಜ್ಯಗಳಲ್ಲಿ ಮಾಮೂಲಿ ಜಾರಿಯ ಜೊತೆಗೆ ಇ-ಮೇಲನ್ನೂ ಬಳಸಬಹುದು, ಅದಕ್ಕಾಗಿ ವಕೀಲರು ತಮ್ಮ ವಿಳಾಸ ಒದಗಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಷ್ಟು ಹಿಂದೆಯೇ ಹೇಳಿತ್ತು.

ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 12ನೇ ಕಲಮನ್ನು ಕಿರಿಯರು ವಿಶೇಷವಾಗಿ ಓದಬೇಕು. ಸ್ವೀಕೃತಿ ಬಂದರೆ ಮಾತ್ರ ಈ ದಾಖಲೆ ಬಂಧಕ ಎಂದು ಕಳಿಸುವವರೇ ಷರತ್ತು ಹಾಕಿದ್ದರೆ, ಸ್ವೀಕೃತಿ ಬಾರದಿದ್ದಾಗ ದಾಖಲೆಯನ್ನು ಕಳಿಸಿಯೇ ಇಲ್ಲವೆಂದು ಭಾವಿಸಬೇಕಾಗುತ್ತದೆ. ಎಚ್ಚರಿಕೆಯೆಂದು ತಿಳಿದು ಬರೆದ ಒಂದು ಸಾಲಿನಿಂದ ಎದುರು ಪಕ್ಷದ ಮೌನವೇ ನಮ್ಮ ಜಾರಿಯನ್ನು ಅಳಿಸಿಹಾಕಬಲ್ಲದು! ಸ್ವೀಕೃತಿಯನ್ನು ಅವಶ್ಯವಾಗಿ ಕೋರಿರಿ, ಆದರೆ ಅದನ್ನು ಷರತ್ತಾಗಿಸಬೇಡಿರಿ.

ವಾಟ್ಸಾಪಿನ ವಿಷಯದಲ್ಲಿ ನ್ಯಾಯಾಲಯಗಳ ನಿಲುವು ಒಂದೇ ತೆರನಾಗಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್ ಒಂದು ಅಮಲ್ಜಾರಿ (ತೀರ್ಪನ್ನು ಕಾರ್ಯಗತಗೊಳಿಸುವ) ಪ್ರಕರಣದಲ್ಲಿ, ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ನೋಟಿಸು ತಲುಪಿ, ತೆರೆಯಲ್ಪಟ್ಟಿರುವುದನ್ನು ಸಂದೇಶದ ಗುರುತುಗಳಿಂದ ಗಮನಿಸಿ ಒಪ್ಪಿಕೊಂಡಿತು. ಕೋವಿಡ್ ಕಾಲದಲ್ಲಿ, 2020ರ ಜುಲೈ 10ರಂದು, ಸುಪ್ರೀಂ ಕೋರ್ಟ್ ಇಂಥ ಸಂದೇಶಗಳ ಮೂಲಕ ಜಾರಿಗೆ ಅವಕಾಶ ಕೊಟ್ಟರೂ, ಅದೇ ದಿನ ಇ-ಮೇಲಿನಲ್ಲೂ ಕಳಿಸಬೇಕೆಂದು ಆದೇಶಿಸಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ, ಆರೋಪಿಗೆ ಹಾಜರಾಗಲು ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪಿನಲ್ಲಿ ಜಾರಿ ಮಾಡಬಾರದೆಂದು ಹೇಳಿತು. ವ್ಯಕ್ತಿಯ ಸ್ವಾತಂತ್ರ್ಯವನ್ನು ತಟ್ಟುವ ನೋಟಿಸು ಬೇರೆ, ಇಬ್ಬರು ವಕೀಲರ ನಡುವೆ ಹೋಗಿಬರುವ ತಕರಾರಿನ ನಕಲು ಬೇರೆ. ಆದರೂ ನಮ್ಮ ಕೆಲಸಕ್ಕೆ ಇ-ಮೇಲೇ ಆಧಾರವಾಗಿ, ವಾಟ್ಸಾಪ್ ಕೇವಲ ಸೂಚನೆಯಾಗಿ ಉಳಿಯುವುದು ಸುರಕ್ಷಿತ.

ಜಾರಿಯ ಬಗ್ಗೆ ವಿವಾದ ಎದ್ದರೆ ಪರದೆಯ ಚಿತ್ರ ಮುದ್ರಿಸಿ ಹಾಜರುಪಡಿಸುವುದು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ನೆರವಾಗುವ ಗುರುತನ್ನೂ) ತುಂಬಬೇಕು. ಮೂಲ ಇ-ಮೇಲನ್ನು ಅಳಿಸದೆ ಇಟ್ಟುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಇ-ಮೇಲನ್ನು ಮಾತ್ರ ನಂಬಬಾರದ ಸಂದರ್ಭವೂ ಒಂದಿದೆ. ಎದುರು ಪಕ್ಷವನ್ನು ಕೇಳದೆ ತಡೆಯಾಜ್ಞೆ ದೊರೆತಾಗ, 39ನೇ ಆದೇಶದ 3ನೇ ನಿಯಮದಂತೆ ಅರ್ಜಿ, ಅಫಿಡವಿಟ್, ವಾದಪತ್ರ ಮತ್ತು ಆಧಾರ ದಾಖಲೆಗಳ ನಕಲುಗಳನ್ನು ಕೂಡಲೇ ಎದುರು ಪಕ್ಷಕ್ಕೆ ತಲುಪಿಸಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು, ಹಾಗೆ ಮಾಡಿದ್ದಕ್ಕೆ ಅದೇ ದಿನ ಅಥವಾ ಮರುದಿನ ಅಫಿಡವಿಟ್ ಸಲ್ಲಿಸಬೇಕು. ಅಲ್ಲಿ ಅಂಚೆಯ ರಸೀದಿ ಮೊದಲು ಇರಲಿ. ಇ-ಮೇಲ್ ಕಳಿಸಿದ ವಿಳಾಸ, ದಿನಾಂಕ, ಸಮಯ, ಲಗತ್ತಿಸಿದ ಕಡತಗಳ ಹೆಸರು ಅದೇ ಅಫಿಡವಿಟ್ಟಿನ ಮುಂದಿನ ಪ್ಯಾರಾದಲ್ಲಿ ಬರಲಿ.